ಹಳೆ ಹುಣಸೆಯ ಬಣ್ಣ

ಅವರು ಸತ್ತ ಸುದ್ದಿ ನನಗೆ ತಿಳಿದದ್ದು ಡಬ್ಲಿನ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ. ಒಂದು ಮಧ್ಯಾಹ್ನದೊಳಗೆ ಮುಗಿದ ಕೈಗಳ ಚಿತ್ರಗಳು ಸಾಲುಗಟ್ಟಿ ಬಂದವು. 'ದೊಡ್ಡ ಮನುಷ್ಯರು', 'ತುಂಬಲಾರದ ನಷ್ಟ', 'ಸದಾ ನಗುಮುಖ'. ಸದಾ ನಗುಮುಖ ಅಂತ ಬರೆದವನು ಅವರ ಮುಖವನ್ನು ಸರಿಯಾಗಿ ನೋಡಿರಲಿಕ್ಕಿಲ್ಲ. ಮೂರು ವರ್ಷ ಒಂದೇ ಮನೆಯಲ್ಲಿದ್ದ ನಾನೇ ಅವರು ಮನಸ್ಸು ಬಿಚ್ಚಿ ನಕ್ಕಿದ್ದನ್ನು ನೋಡಿದ್ದು ಒಂದೇ ಸಲ. ಆ ನಗುವನ್ನು ನಾನು ಏನು ಮಾಡಿದೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವತ್ತು ಮುಗಿದ ಕೈ ನಾನೂ ಹಾಕಿದೆ, ಅದನ್ನು ಮುಚ್ಚಿಡುವುದಿಲ್ಲ.

ಬ್ಯೂಮಾಂಟ್ ಕಡೆ ಒಂದು ಹಳೆಯ ಸಾಲುಮನೆ. ಕೆಳಗೆ ಅಡುಗೆಮನೆ, ಹಾಲ್. ಮೇಲೆ ಎರಡು ಕೋಣೆ. ಮನೆ ಬಾಡಿಗೆಗೆ ಹಿಡಿದವರು ಅವರು, ಅವರಿಂದ ಒಳಬಾಡಿಗೆಗೆ ಒಂದು ಕೋಣೆ ಹಿಡಿದವನು ನಾನು. ಮಾಸ್ಟರ್ಸ್ ಮುಗಿಸಿ ಆಗತಾನೆ ಕೆಲಸಕ್ಕೆ ಸೇರಿದ್ದೆ. ಮೈಸೂರಿನವನು ಅಂದೆ. 'ಅದಕ್ಕೇ ಇಷ್ಟು ಮೆತ್ತಗೆ ಮಾತಾಡ್ತೀಯ' ಅಂದರು. ಹೆಸರು ಹೇಳಿದೆ, ಅದನ್ನು ಅವರು ಒಮ್ಮೆಯೂ ಬಳಸಲಿಲ್ಲ. ಮೊದಲ ದಿನದಿಂದ ಕೊನೆಯವರೆಗೆ ನಾನು ಅವರಿಗೆ 'ಸಾಫ್ಟ್‌ವೇರು'. ಅವರು ನನಗೆ 'ಸರ್'.

ತುಮಕೂರಿನ ಕಡೆಯವರು, ಐವತ್ತೈದು ದಾಟಿತ್ತು, ಒಂಟಿ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ರೋಗಿಯ ಮೈಯಿಂದ ತೆಗೆದ ಮಾಂಸದ ಚೂರನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಡಾಕ್ಟರರ ಮುಂದೆ ಇಡುವುದು. ಬಣ್ಣ ಸರಿಯಾಗಿ ಹತ್ತಿದರೆ ಡಾಕ್ಟರಿಗೆ ಗಂಟು ಎಂಥದ್ದೆಂದು ಕಾಣುತ್ತದೆ. ಮೂವತ್ತು ವರ್ಷ ಮಾಡಿದ್ದು ಅದನ್ನೇ. ಅವರ ಬೆರಳಿನ ತುದಿಗಳು ಯಾವಾಗಲೂ ತೆಳು ನೇರಳೆ.

ಬಿಯರ್ ಮಾಡುವುದು ಭಾನುವಾರದ ಕೆಲಸ. ಇಲ್ಲಿ ಅದೇನು ಗುಟ್ಟಿನದಲ್ಲ, ಡಬ್ಬ ಪೈಪು ತಂದು ಮನೆಯಲ್ಲೇ ಮಾಡುವವರು ಬೀದಿಗೊಬ್ಬರಿದ್ದಾರೆ. ನಮ್ಮವರಿಗೆ ಮಾತ್ರ ಅದೊಂದು ದೊಡ್ಡ ಅಪರಾಧ. ಕ್ಯಾಸಲ್‌ನಾಕ್‌ನಲ್ಲಿ ಯುಗಾದಿ ಊಟಕ್ಕೆ ಸೇರಿದ್ದಾಗ ಒಬ್ಬ ಎಂಜಿನಿಯರ್ ಎಲ್ಲರಿಗೂ ಕೇಳುವಂತೆ, "ಏನ್ ಸರ್, ಈ ವಯಸ್ಸಲ್ಲಿ ಮನೇಲಿ ಹೆಂಡ ಕಾಯಿಸ್ತೀರಂತೆ?" ಎಂದ. ಇವರು ಹೋಳಿಗೆ ಮುರಿಯುತ್ತಲೇ, "ಹೂಂ ಕಣಪ್ಪ. ನೀನು ಅಂಗಡೀಲಿ ತಂದು ಗ್ಯಾರೇಜಲ್ಲಿ ಹೆಂಡ್ತಿಗೆ ಕಾಣ್ದಂಗೆ ಕುಡೀತೀಯ. ನಾನು ಬಾಗಿಲು ತೆಗೆದಿಟ್ಟು ಮಾಡ್ತೀನಿ," ಅಂದರು. ಮುಂದಿನ ಯುಗಾದಿಗೆ ಅವರಿಗೆ ಕರೆ ಬರಲಿಲ್ಲ. ನನಗೆ ಬಂತು, ನಾನು ಹೋದೆ.

ಅವರು ಮಾಡುತ್ತಿದ್ದದ್ದು ಒಂದೇ ಬಗೆ, ಗಟ್ಟಿಯಾದ ಕಡುಬಣ್ಣದ, ಏಲ್ ಎನ್ನುವ ಬಿಯರ್. ರುಚಿಯ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. 'ರುಚಿ ತಾನಾಗೇ ಬರುತ್ತೆ' ಅನ್ನುತ್ತಿದ್ದರು. ಹಟವೆಲ್ಲ ಬಣ್ಣದ ಮೇಲೆ. ಬಡಾವಣೆಯಲ್ಲಿ ಬಿಯರ್ ಮಾಡುವ ಏಳೆಂಟು ಜನ ತಿಂಗಳಿಗೊಮ್ಮೆ ಸೇರುತ್ತಿದ್ದರು, ಎಲ್ಲ ಐರಿಷರು, ಇವರೊಬ್ಬರು ಹೊರಗಿನವರು. ಮೊದಲ ಸಲ ಇವರು ಬಾಟಲಿ ಒಯ್ದಾಗ, ಆ ಗುಂಪಿನ ಹಿರಿಯ, ನಿವೃತ್ತ ಬಸ್ ಡ್ರೈವರ್, ಗ್ಲಾಸನ್ನು ಕಿಟಕಿಗೆ ಹಿಡಿದು, ಇದನ್ನು ಕುಡಿಯಬೇಕೋ ರಸ್ತೆಗೆ ಹಾಕಬೇಕೋ ಎಂದು ಕೇಳಿದನಂತೆ. ಎಲ್ಲರೂ ನಕ್ಕರು. ಇಲ್ಲಿ ಅಂಥ ಮಾತು ಪ್ರೀತಿಯಿಂದಲೇ ಬರುವುದು. ಸುಮ್ಮನೆ ಗ್ರ್ಯಾಂಡ್, ಅಂದರೆ ಪರವಾಗಿಲ್ಲ ಚೆನ್ನಾಗಿದೆ, ಅಂದುಬಿಟ್ಟರೆ ಅದೇ ಅವಮಾನ. ಇವರಿಗೆ ಅದು ಹೊಳೆಯಲಿಲ್ಲ. "ಮೂವತ್ತು ವರ್ಷ ಬಣ್ಣ ಹಾಕಿದೋನು ನಾನು. ನನ್ನ ಗ್ಲಾಸ್ ನೋಡಿ ಟಾರು ಅಂದ್ಬಿಟ್ಟ ಕಣೋ," ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದರೋ.

ಕಪ್ಪು ಅನ್ನುವುದು ಅವರ ಪ್ರಕಾರ ಸೋಲು. ಗ್ಲಾಸು ಮೇಜಿನ ಮೇಲಿದ್ದಾಗ ಕಪ್ಪಗೆ ಕಾಣಬೇಕು, ಬೆಳಕಿಗೆ ಎತ್ತಿದರೆ ಒಳಗಿನಿಂದ ಕೆಂಪು ಹೊರಡಬೇಕು. ಇದನ್ನು ನನಗೆ ಅರ್ಥಮಾಡಿಸಲು ಇಂಡಿಯನ್ ಅಂಗಡಿಯಿಂದ ತಂದ ಹಳೆ ಹುಣಸೆಹಣ್ಣಿನ ಉಂಡೆ ತೆಗೆದರು. ವರ್ಷಗಟ್ಟಲೆ ಇಟ್ಟು ಕಪ್ಪಾದ ಹುಣಸೆ. ಅದನ್ನು ನೀರಲ್ಲಿ ಕಿವುಚಿ, ಸೋಸಿ, ಕಿರಿದಾದ ಗ್ಲಾಸಿಗೆ ಹಾಕಿ ಕಿಟಕಿಗೆ ಹಿಡಿದರು. ನಿಜಕ್ಕೂ ಕೆಂಪು. "ಇದು. ಈ ಬಣ್ಣ ಬರ್ಬೇಕು," ಅಂದರು. ಅಲ್ಲಿಂದ ಮುಂದೆ ಪ್ರತಿ ಸಲವೂ ಹೊಸದಾಗಿ ಹುಣಸೆ ಕಿವುಚಿ, ಬಿಯರ್ ಗ್ಲಾಸಿನ ಪಕ್ಕ ಇಟ್ಟೇ ನೋಡುವುದು. ಲ್ಯಾಬಿನಲ್ಲೂ ಹಾಗೇ, ಸರಿ ಇದೆಯೆಂದು ಮೊದಲೇ ಗೊತ್ತಿರುವ ಒಂದು ಗಾಜನ್ನು ಪಕ್ಕದಲ್ಲಿಡದೆ ಇನ್ನೊಂದನ್ನು ನಂಬುತ್ತಿರಲಿಲ್ಲ. ನೋಡುವುದು ಬೆಳಗಿನ ಬೆಳಕಿನಲ್ಲಿ ಮಾತ್ರ, ಹಿಂದೆ ಬಿಳಿ ಹಾಳೆ ಹಿಡಿದು, ಒಂದು ಕಣ್ಣು ಮುಚ್ಚಿ. ನಾನೊಮ್ಮೆ ಲೈಟ್ ಹಾಕಲು ಹೋದರೆ ಕೈ ತಡೆದರು. "ಬಲ್ಬು ಲಂಚ ತಿಂದ ಸಾಕ್ಷಿ ಇದ್ದಂಗೆ. ನಿನಗೆ ಬೇಕಾದ್ದೇ ಹೇಳುತ್ತೆ."

ಬಣ್ಣ ಸುಲಭಕ್ಕೆ ಬರಲಿಲ್ಲ. ಕಪ್ಪಗೆ ಹುರಿದ ಬಾರ್ಲಿ ಹೆಚ್ಚಾದರೆ ಮಸಿ. ಕಡಿಮೆ ಮಾಡಿದರೆ ಆರಿದ ಚಹಾ. ಸಕ್ಕರೆ ಸುಟ್ಟು ಪಾಕ ಮಾಡಿ ಸೇರಿಸಿದ ಸಲ ಹೊಗೆಗೆ ಮನೆಯ ಅಲಾರಂ ಕಿರುಚಿಕೊಂಡು ಪಕ್ಕದ ಮನೆಯ ಅಜ್ಜಿ ನೈಟಿಯಲ್ಲೇ ಓಡಿಬಂದಳು. ಕುದಿಯುವ ಪಾತ್ರೆಯಲ್ಲಿ ಕಪ್ಪಾಗಿ ಕಂಡದ್ದು ಗ್ಲಾಸಿಗೆ ಬಂದಾಗ ಮಂಕು ಕಂದು. ಹುದುಗೇಳುವಾಗ ಕೆಸರಿನಂತಿದ್ದದ್ದು ತಿಳಿಯಾದ ಮೇಲೆ ಇನ್ನೊಂದು ಬಣ್ಣ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು, ಕನ್ನಡದಲ್ಲಿ, ದುಂಡಗೆ. ಸೋತದ್ದಕ್ಕೆಲ್ಲ ಸ್ಕೇಲ್ ಇಟ್ಟು ನೇರ ಗೆರೆ ಎಳೆದು ಹೊಡೆದು ಹಾಕುವುದು. ನಾನು ಆ ಮನೆಗೆ ಬರುವ ಮೊದಲೇ ಪುಟಗಟ್ಟಲೆ ಗೆರೆಗಳಿದ್ದವು.

ನಮ್ಮಿಬ್ಬರ ಜಗಳವೆಲ್ಲ ಒಂದು ಕಪಾಟಿಗೆ. ಇಲ್ಲಿನ ಹಳೆ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕು ಇರುವ ಕಪಾಟಿಗೆ ಹಾಟ್ ಪ್ರೆಸ್ ಅನ್ನುತ್ತಾರೆ, ಟವೆಲು ಬೆಚ್ಚಗಿಡುವ ಜಾಗ. ಈ ಚಳಿ ದೇಶದಲ್ಲಿ ದೋಸೆ ಹಿಟ್ಟು ಉಬ್ಬುವ ಜಾಗವೂ ಅದೊಂದೇ, ಬಿಯರ್ ಹುದುಗೇಳುವ ಜಾಗವೂ ಅದೊಂದೇ. ಅವರ ಕಾನೂನು ಖಡಾಖಂಡಿತ. "ನಿನ್ನ ಹಿಟ್ಟು ನನ್ನ ಬಿಯರ್ ಹತ್ರ ಸುಳೀಬಾರದು. ಹಿಟ್ಟು ಹುಳಿ ಮಾಡೋ ಹುಳ ಬೇರೆ, ಇದರ ಹುಳ ಬೇರೆ. ಅದು ಇದಕ್ಕೆ ಹತ್ತಿದ್ರೆ ಮುಗೀತು. ನಿನ್ನ ಸೌಟು, ನಿನ್ನ ಪಾತ್ರೆ, ಏನೂ ಮುಟ್ಟಿಸ್ಬೇಡ." ಅವರ ಡಬ್ಬ ಕಪಾಟಿನಲ್ಲಿದ್ದಷ್ಟು ದಿನ ನಾನು ಅಂಗಡಿ ಬ್ರೆಡ್ಡು ತಿನ್ನುತ್ತಿದ್ದೆ. ಮನಸ್ಸಿನಲ್ಲಿ ಬೈದುಕೊಳ್ಳುತ್ತಿದ್ದೆ.

ಲಾಕ್‌ಡೌನ್ ಬಂತು. ನಾನು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ, ಅವರು ದಿನಾ ಆಸ್ಪತ್ರೆಗೆ. ಗುಂಪಿನ ಸಭೆಗಳು ನಿಂತವು. ಆ ಚಳಿಗಾಲ ಬಸ್ ಡ್ರೈವರ್ ಒಂದು ಏರ್ಪಾಟು ಮಾಡಿದ. ಪ್ರತಿಯೊಬ್ಬರೂ ತಾವು ಮಾಡಿದ ಅತಿ ಗಟ್ಟಿ ಬಿಯರಿನ ಬಾಟಲಿಯನ್ನು ಉಳಿದವರ ಬಾಗಿಲಲ್ಲಿ ಇಟ್ಟು ಬರುವುದು, ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಜೂಮ್‌ನಲ್ಲಿ ಸೇರಿ ಒಟ್ಟಿಗೆ ಬಿಚ್ಚುವುದು. ಇವರ ಕಣ್ಣು ಹೊಳೆಯಿತು. ಆ ಸಲ ಹೊಸ ಉಪಾಯ ಮಾಡಿದರು. ಹುರಿದ ಬಾರ್ಲಿಯನ್ನು ಕುದಿಸಲೇ ಇಲ್ಲ. ಬೇರೆಯಾಗಿ ತಣ್ಣೀರಿನಲ್ಲಿ ಒಂದು ದಿನ ನೆನೆಹಾಕಿ, ಹಳೆ ಪಂಚೆಯ ತುಂಡಿನಲ್ಲಿ ಸೋಸಿ, ಆ ಕಪ್ಪು ನೀರನ್ನಷ್ಟೇ ಕುದಿಯ ಕೊನೆಗೆ ಚೂರು ಚೂರಾಗಿ ಹೊಯ್ದರು, ಪ್ರತಿ ಸಲ ಹುಣಸೆ ಗ್ಲಾಸಿನ ಕಡೆ ನೋಡುತ್ತ. "ಈ ಸಲ ಆ ಮುದುಕ ಕಿಟಕಿಗೆ ಹಿಡೀಲಿ. ಬಾಯಿ ಮುಚ್ಚುತ್ತೆ."

ಜನವರಿಯಲ್ಲಿ ಅವರಿಗೆ ಕೋವಿಡ್ ಹತ್ತಿತು. ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು, ನಾನು ಊಟ ಹೊರಗಿಟ್ಟು ಬಾಗಿಲು ತಟ್ಟಿ ಇಳಿದು ಬರುತ್ತಿದ್ದೆ. ಜ್ವರ ಮೂರು ದಿನಕ್ಕೆ ಬಿಟ್ಟಿತು. ನಾಲ್ಕನೇ ದಿನ ಒಳಗಿನಿಂದಲೇ, "ಸಾಫ್ಟ್‌ವೇರು, ಇಂಗಿನ ಡಬ್ಬಿ ತಂದಿಡು," ಅಂದರು. ಇಟ್ಟು ಮೆಟ್ಟಿಲ ಹತ್ತಿರ ನಿಂತೆ. ಬಾಗಿಲು ತೆರೆಯಿತು, ಮುಚ್ಚಿತು. ಡಬ್ಬಿಯ ಮುಚ್ಚಳ ತೆಗೆದು ಹಾಕಿದ ಸದ್ದು ಎರಡು ಸಲ ಕೇಳಿಸಿತು.

"ಡಬ್ಬಿ ಖಾಲಿ ಐತೇನೋ?"

"ಇಲ್ಲ ಸರ್. ಮೊನ್ನೆ ತಾನೆ ತುಂಬ್ಸಿದ್ದು."

ಇಂಗಿನ ವಾಸನೆಯೂ ಅವರ ಮೂಗಿಗೆ ಹತ್ತಿರಲಿಲ್ಲ. ಬಾಯಿಗೆ ರುಚಿ ಇಲ್ಲದವರಿಗೆ ಮೆತ್ತಗಿನದ್ದಾದರೂ ಇರಲಿ ಎಂದು ಅವತ್ತೇ ದೋಸೆಗೆ ಅಕ್ಕಿ ನೆನೆಹಾಕಿದೆ. ಬಿಯರ್ ಡಬ್ಬವನ್ನು ಕಪಾಟಿನಿಂದ ಅಡುಗೆಮನೆಗೆ ಸಾಗಿಸಿ ಹಿಟ್ಟನ್ನು ಅಲ್ಲಿಟ್ಟೆ. ಅಷ್ಟು ಎಚ್ಚರ ನನಗಿತ್ತು.

ಎರಡು ದಿನ ಕಳೆದು ಬಾಟಲಿಗೆ ತುಂಬುವ ಕೆಲಸ ನನ್ನ ತಲೆಗೆ ಬಂತು. ತಡವಾದರೆ ಮಾರ್ಚಿಗೆ ಬಲಿಯುವುದಿಲ್ಲ. ಅವರು ಬಾಗಿಲ ಆಚೆಯಿಂದ ಒಂದೊಂದೇ ಹೇಳಿದರು, ನಾನು ಈಚೆ ಕೂತು ಫೋನಿನಲ್ಲಿ ಬರೆದುಕೊಂಡೆ. ಸಕ್ಕರೆ ನೀರು ಕುದಿಸು, ಆರಿಸು, ಬಿಯರಿಗೆ ಸೇರಿಸು, ಉದ್ದನೆ ಪ್ಲಾಸ್ಟಿಕ್ ಚಮಚದಲ್ಲಿ ಮೆಲ್ಲಗೆ ಕಲಕು, ಮುಟ್ಟುವ ಪ್ರತಿಯೊಂದನ್ನೂ ಮೊದಲು ಕ್ರಿಮಿ ಕೊಲ್ಲುವ ಔಷಧದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸು. ಎಲ್ಲ ಮಾಡಿದೆ. ಕಲಕುವ ಹೊತ್ತಿಗೆ ಚಮಚ ಸಿಗಲಿಲ್ಲ. ಆಫೀಸಿನ ಮೀಟಿಂಗಿಗೆ ಐದು ನಿಮಿಷವಿತ್ತು. ಬೆಳಿಗ್ಗೆ ಅವರಿಗೆ ದೋಸೆ ಹೊಯ್ದ ಉದ್ದ ಹಿಡಿಯ ಸೌಟು ಸಿಂಕಿನಲ್ಲಿತ್ತು. ನಲ್ಲಿ ಕೆಳಗೆ ಹಿಡಿದು ತೊಳೆದು, ಅದರಲ್ಲೇ ಕಲಕಿದೆ. ತಪ್ಪು ಅಂತ ಕಲಕುವಾಗಲೇ ಗೊತ್ತಿತ್ತು. ಏನಾಗುತ್ತೆ ಬಿಡು ಅಂದುಕೊಂಡೆ.

ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ ಮೊದಲ ಬಾಟಲಿ ಬಿಚ್ಚಿದರು. ಮೂಗು ನಾಲಿಗೆ ಎರಡೂ ಇನ್ನೂ ಮರಳಿರಲಿಲ್ಲ. ಚಟ್ನಿಯನ್ನು ಕಣ್ಣಲ್ಲಿ ನೋಡಿ ತಿನ್ನುತ್ತಿದ್ದೇನೆ ಅನ್ನುತ್ತಿದ್ದರು. ನೊರೆ ಜಾಸ್ತಿ ಬಂತು, "ಯಾಕೋ ಉಕ್ತಾ ಐತಲ್ಲ," ಅಂದರು, ಆದರೆ ಗಮನವೆಲ್ಲ ಕೆಳಗಿತ್ತು. ನೊರೆ ಇಳಿಯಿತು. ಹುಣಸೆ ಗ್ಲಾಸು ಪಕ್ಕಕ್ಕಿಟ್ಟರು, ಬಿಳಿ ಹಾಳೆ ಹಿಡಿದರು, ಒಂದು ಕಣ್ಣು ಮುಚ್ಚಿದರು. ಎರಡೂ ಒಂದೇ. ಯಾವುದು ಹುಣಸೆ ಯಾವುದು ಬಿಯರ್ ಎಂದು ನನಗೆ ತಿಳಿಯಲಿಲ್ಲ. ಅವರು ನಕ್ಕರು. ಹಲ್ಲು ಕಾಣುವಂತೆ, ಮುಖವೆಲ್ಲ ಸುಕ್ಕಾಗುವಂತೆ. ನಾನು ಹೇಳಿದ ಒಂದೇ ಸಲ ಅದು.

"ಕುಡಿದು ಹೇಳು. ಈಗ ನನ್ನ ನಾಲಿಗೆ ನೀನೇ."

ಒಂದು ಗುಟುಕು ಕುಡಿದೆ. ಮೂರು ದಿನ ಹೊರಗೆ ಮರೆತ ದೋಸೆ ಹಿಟ್ಟು. ಹಲ್ಲು ಜುಮ್ಮೆನ್ನುವ ಹುಳಿ. ಸೌಟು ಕಣ್ಣ ಮುಂದೆ ಬಂತು.

"ಚೆನ್ನಾಗಿದೆ ಸರ್."

"ಚೆನ್ನಾಗಿದೆ ಅಂದ್ರೆ? ಬಿಡಿಸಿ ಹೇಳು."

"ಮೊದಲು ಸ್ವಲ್ಪ ಸಿಹಿ. ಆಮೇಲೆ ಕಹಿ. ಕೊನೇಲಿ ಸುಟ್ಟ ಬೆಲ್ಲದ ಥರ."

"ಹುಳಿ?"

"ಇಲ್ಲ ಸರ್."

ಅವರು ನೋಟ್‌ಬುಕ್ ತೆಗೆದು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಸುಟ್ಟ ಬೆಲ್ಲ ಎನ್ನುವುದು ಅದೇ ಪುಸ್ತಕದ ಹಳೆಯ ಪುಟದಲ್ಲಿ ಅವರೇ ಬರೆದಿದ್ದ ಮಾತು. ನಾನು ಅದನ್ನು ಓದಿಕೊಂಡಿದ್ದೆ. ಬರೆದಾದ ಮೇಲೆ ಗ್ಲಾಸೆತ್ತಿ ಗಟಗಟ ಕುಡಿದು, ನಾನು ವರ್ಣಿಸಿದ ರುಚಿಯನ್ನು ನೆನಪಿಸಿಕೊಳ್ಳುವವರಂತೆ ಕಣ್ಣು ಮುಚ್ಚಿದರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಅನ್ನುತ್ತಾರೆ. ನನ್ನದನ್ನು ಬರೀ ದಾಕ್ಷಿಣ್ಯ ಎಂದರೂ ಸುಳ್ಳೇ, ಅದರೊಳಗೆ ಹೆದರಿಕೆಯಿತ್ತು.

ಹೇಳಲು ಆಮೇಲೂ ಎರಡು ವಾರ ಸಮಯವಿತ್ತು. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ, ಪುಣ್ಯಕ್ಕೆ ಗುಂಪಿನವರೆಲ್ಲ ಅದರೊಳಗೇ ಇದ್ದರು. ಬೆನ್ನಿಗೆ ಚೀಲ ಹಾಕಿಕೊಂಡು, ಕೋವಿಡ್ ಇನ್ನೂ ಬಿಟ್ಟುಹೋಗದ ಶ್ವಾಸದಲ್ಲಿ ಏದುತ್ತ, ನಡೆದೇ ಎಲ್ಲರ ಬಾಗಿಲಿಗೂ ಬಾಟಲಿ ಇಟ್ಟು ಬಂದರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಎರಡು ಬಾಟಲಿ ಒಯ್ದು ಕೊಡಲು ನನ್ನನ್ನೂ ಕೇಳಿದರು, ಕೆಲಸ ಇದೆ ಅಂದೆ.

ಆ ಶನಿವಾರ ಇಸ್ತ್ರಿ ಮಾಡಿದ ಶರ್ಟ್ ಹಾಕಿ ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ನಾನು ಕ್ಯಾಮೆರಾಗೆ ಕಾಣದಂತೆ ಫ್ರಿಜ್ ಪಕ್ಕ ನಿಂತಿದ್ದೆ. ಇವರ ಸರದಿ ಬಂತು. ಪರದೆಯ ಚೌಕಗಳಲ್ಲಿ ಎಲ್ಲರೂ ಗ್ಲಾಸು ಎತ್ತಿದರು. ಬಸ್ ಡ್ರೈವರ್ ತನ್ನ ಕಿಟಕಿಯ ಹತ್ತಿರ ಎದ್ದು ಹೋಗಿ, ಗ್ಲಾಸು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಹತ್ತು ವರ್ಷದಲ್ಲಿ ಇಂಥ ಬಣ್ಣ ನೋಡಿಲ್ಲ ಮಾರಾಯ, ಎಂದ. ಇವರ ಕಿವಿ ಕೆಂಪಾದವು. ಆಮೇಲೆ ಎಲ್ಲರೂ ಕುಡಿದರು.

ಒಬ್ಬ ಗ್ಲಾಸು ಪಕ್ಕಕ್ಕಿಟ್ಟ. ಒಬ್ಬನ ಹೆಂಡತಿ ಒಂದು ಗುಟುಕು ತೆಗೆದುಕೊಂಡು ಚೌಕದಿಂದ ಆಚೆ ಹೋದಳು. ಬಸ್ ಡ್ರೈವರ್ ತುಟಿ ಒರೆಸಿಕೊಂಡು, "ಗ್ರ್ಯಾಂಡ್. ಗ್ರ್ಯಾಂಡ್," ಎಂದ. ಈ ಸಲ ಆ ಮಾತಿನ ಅರ್ಥ ಇವರಿಗೂ ಆಯಿತು. ಕೊನೆಗೆ ಗುಂಪಿನಲ್ಲಿ ಚಿಕ್ಕವನಾದ ಒಬ್ಬ ಸ್ಕೂಲ್ ಮೇಷ್ಟ್ರು, ಕೇಡಿಲ್ಲದ ಮನಸ್ಸಿನಿಂದ, ಹುಳಿ ಬೇಕೆಂದೇ ಮಾಡಿದ್ದೋ ಎಂದು ಕೇಳಿದ.

ಅವರು ತಲೆ ತಿರುಗಿಸಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಮತ್ತೆ ಪರದೆಯ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ಶಾಂತವಾಗಿ, ಜನವರಿಯಿಂದ ನನಗೆ ವಾಸನೆ ರುಚಿ ಇಲ್ಲ, ಮೊದಲೇ ಹೇಳಬೇಕಿತ್ತು, ದಯವಿಟ್ಟು ಚೆಲ್ಲಿಬಿಡಿ ಅಂದರು. ಎಲ್ಲರೂ ಒಟ್ಟಿಗೆ ಸಮಾಧಾನ ಹೇಳತೊಡಗಿದರು. ಟಾರು ಎಂದು ನಕ್ಕಿದ್ದೇ ಎಷ್ಟೋ ವಾಸಿಯಿತ್ತು. ನನ್ನ ಹೆಸರು ಅವರ ಬಾಯಿಂದ ಬರಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿದರು.

"ಹುಳಿ ಇತ್ತಾ?"

"ಇತ್ತು ಸರ್."

"ಅವತ್ತೇ?"

"ಅವತ್ತೇ."

"ಯಾಕೋ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರು," ಅಂದರು. "ನನ್ನ ಕೈಗೆ ದಿನಾ ಯಾರ್ಯಾರದೋ ಮೈ ಚೂರು ಬರುತ್ತೆ. ಬೇಜಾರಾಗುತ್ತೆ ಅಂತ ನಾನು ಬಣ್ಣ ತಿದ್ದಿ ಕಳ್ಸಿದ್ರೆ? ಅವರು ಮನೆಗೆ ಹೋಗಿ ನೆಮ್ಮದಿಯಾಗಿ ಸಾಯ್ತಾರೆ, ಅಲ್ವಾ?" ದನಿ ಏರಿಸಲಿಲ್ಲ. ತಮ್ಮ ಗ್ಲಾಸನ್ನು ಸಿಂಕಿಗೆ ಸುರಿದು, "ತುಂಬ್ಸಿದ ದಿನ ಎಲ್ಲಾ ನಾನು ಹೇಳ್ದಂಗೇ ಮಾಡಿದ್ದೆ ತಾನೆ?"

"ಹೌದು ಸರ್."

"ಹಂಗಾದ್ರೆ ಅದಕ್ಕೂ ಮುಂಚೆ ಎಲ್ಲೋ ನನ್ನ ಕೈಲೇ ಕೆಟ್ಟಿದೆ. ಮೂಗಿದ್ದಿದ್ರೆ ಗೊತ್ತಾಗ್ತಿತ್ತು."

ಅಷ್ಟೇ. ಆಗತಾನೆ ಒಂದು ಸುಳ್ಳಿನಲ್ಲಿ ಸಿಕ್ಕಿಬಿದ್ದವನನ್ನು ಮರುಗಳಿಗೆಯಲ್ಲೇ ನಂಬಿದ್ದು ಅವರದ್ದೇ ತಪ್ಪು ಎಂದು ನಾನು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅಂಥ ಕೀಳು ಸಮಾಧಾನ ಇನ್ನೊಂದಿಲ್ಲ.

ಮುಂದಿನ ವಾರ ಡಬ್ಬ, ಪೈಪು, ಬಾಟಲಿಗಳನ್ನೆಲ್ಲ ಗೇಟಿನ ಹೊರಗಿಟ್ಟು 'ಬೇಕಾದವರು ಒಯ್ಯಬಹುದು' ಎಂದು ಚೀಟಿ ಅಂಟಿಸಿದರು. ಕಪಾಟು ಖಾಲಿಯಾಯಿತು. "ಇನ್ಮೇಲೆ ಹಿಟ್ಟು ಇಟ್ಕೋ," ಅಂದರು. ನನಗೆ ಇಡಲಾಗಲಿಲ್ಲ. ಬೇಸಿಗೆಯಲ್ಲಿ ಮನೆ ಬಿಟ್ಟೆವು. ಅವರು ಡನ್ ಲಿಯರಿ ಕಡೆ ಒಂದು ಪುಟ್ಟ ಫ್ಲ್ಯಾಟಿಗೆ ಹೋದರು.

ಆಮೇಲೆ ಸಿಕ್ಕಿದ್ದು ಒಂದೇ ಸಲ, ಅಲ್ಲಿನ ಸಮುದ್ರದ ಕಟ್ಟೆಯ ಮೇಲೆ. ಮಾಸ್ಕು ಗಲ್ಲಕ್ಕೆ ಇಳಿಸಿಕೊಂಡು ಜೊತೆಗೆ ನಡೆದರು. "ಸಮುದ್ರದ ವಾಸನೆ ಬರ್ತಿದ್ಯೇನೋ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ, "ಬೇಡ ಬಿಡು, ನೀನು ಹೇಳೋದು ನಂಬೋಕಾಗಲ್ಲ," ಎಂದು ಚುಡಾಯಿಸಿದರು. ಕಟ್ಟೆಯ ತುದಿಯಲ್ಲಿ ನಿಂತು, "ಎಲ್ಲಿ ಕೆಟ್ಟಿತು ಅಂತ ಇನ್ನೂ ಯೋಚನೆ ಮಾಡ್ತಾ ಇದೀನಿ ಕಣೋ. ಒಂದೊಂದೇ ತೆಗೆದು ನೋಡ್ತಾ ಇದೀನಿ. ಲ್ಯಾಬಲ್ಲೂ ಈಗ ಎಲ್ಲಾ ಎರಡೆರಡು ಸಲ ನೋಡ್ತೀನಿ, ಕೈ ಮೇಲೆ ನಂಬಿಕೆ ಹೋಯ್ತು," ಅಂದರು. ಸೌಟು ನಾಲಿಗೆಯ ತುದಿಗೆ ಬಂತು. ನಾನು ನನ್ನ ವರ್ಕ್ ಪರ್ಮಿಟ್ ರಿನ್ಯೂ ಆಗುವುದು ತಡವಾಗಿದೆ ಎಂದು ಹೇಳಿದೆ. ಅವರು ಕಾಳಜಿಯಿಂದ ಕೇಳಿಸಿಕೊಂಡರು.

ಮುಂದಿನ ಚಳಿಗಾಲ ಅವರ ಹೃದಯ ನಿಂತಿತು. ವಾಟ್ಸಾಪ್ ಕೈಗಳೆಲ್ಲ ಮುಗಿದು ವಾರವಾದ ಮೇಲೆ ಅವರ ಲ್ಯಾಬಿನ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿದಳು. ಫ್ಲ್ಯಾಟ್ ಖಾಲಿ ಮಾಡುವಾಗ ನನ್ನ ಹೆಸರು ಬರೆದ ಒಂದು ರಟ್ಟಿನ ಡಬ್ಬ ಸಿಕ್ಕಿತಂತೆ. ಅವರು ಒಮ್ಮೆಯೂ ಕರೆಯದ ಹೆಸರು, ಪೂರ್ತಿಯಾಗಿ, ಕಾಗುಣಿತ ತಪ್ಪಿಲ್ಲದೆ. ಒಳಗೆ ಆ ಕಿರಿದಾದ ಗ್ಲಾಸು, ಒಣಗಿ ಕಲ್ಲಾದ ಹುಣಸೆ ಉಂಡೆ, ನೋಟ್‌ಬುಕ್ಕು.

ಕೊನೆಯ ಪುಟ ತೆಗೆದೆ. 'ಹುಳಿ ಎಲ್ಲಿಂದ?' ಎಂದು ತಲೆಬರಹ. ಕೆಳಗೆ ಒಂದೊಂದು ಸಾಲಿಗೆ ಒಂದೊಂದು. ನೀರು, ಯೀಸ್ಟು, ಪಂಚೆ ಬಟ್ಟೆ, ಪೈಪು, ಬಾಟಲಿ ಮುಚ್ಚಳ. ಪ್ರತಿಯೊಂದರ ಮುಂದೆ ಅವತ್ತು ಏನೇನು ಮಾಡಿದ್ದೆ ಎಂದು ಬರೆದು, ಕಾರಣವಲ್ಲವೆಂದು ತೀರ್ಮಾನಿಸಿ, ಸ್ಕೇಲಿಟ್ಟು ಹೊಡೆದು ಹಾಕಿದ್ದರು. ಆರನೆಯ ಸಾಲು: 'ತುಂಬಿಸಿದ್ದು ಸಾಫ್ಟ್‌ವೇರು. ಕೇಳಿದೆ. ಸರಿಯಾಗಿ ಮಾಡಿದೆ ಅಂದ.' ಅದರ ಮೇಲೂ ನೇರವಾದ ಗೆರೆ.

ಏಳನೆಯದು ಕೊನೆಯದು. ಅಲ್ಲಿ 'ನಾನು' ಎಂದಿತ್ತು. ಅದೊಂದನ್ನು ಅವರು ಹೊಡೆದು ಹಾಕಿರಲಿಲ್ಲ.